ಕಬ್ಬಿನ ಕೂಲಿಗಳ ಸಂಘ ಸರ್ಕಾರವಾದ ಬಗೆ

ಆಂಟಿಗುವಾ ಎಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ವಿವಿಯನ್ ರಿಚರ್ಡ್ಸ್. ಕ್ರಿಕೆಟ್ ನೋಡುತ್ತಾ ಬೆಳೆದವರಿಗೆ ಕೆರಿಬಿಯನ್ ಕಡಲಿನ ಆ ದ್ವೀಪದ ಹೆಸರು ಹೊಸದಲ್ಲ. ಅಲ್ಲಿನ ವಿಮಾನ ನಿಲ್ದಾಣಕ್ಕೆ ಮಾತ್ರ ಕ್ರಿಕೆಟಿಗನ ಹೆಸರಿಲ್ಲ, ವಿ. ಸಿ. ಬರ್ಡ್ ಎಂಬವರ ಹೆಸರಿದೆ. ಪ್ರಾಥಮಿಕ ಶಾಲೆಯ ಆಚೆಗೆ ಓದದ, ರಾಜಧಾನಿ ಸೇಂಟ್ ಜಾನ್ಸ್‌ನ ಬಡ ಕೇರಿಯಲ್ಲಿ ಬೆಳೆದ ವಿಯರ್ ಕಾರ್ನ್‌ವಾಲ್ ಬರ್ಡ್ 1943ರಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷರಾದರು. 1960ರಲ್ಲಿ ಮುಖ್ಯಮಂತ್ರಿಯಾದರು, 1967ರಲ್ಲಿ ಪ್ರೀಮಿಯರ್ (ಒಳಾಡಳಿತದ ಮುಖ್ಯಸ್ಥ) ಆದರು. 1981ರಲ್ಲಿ ದೇಶ ಸ್ವತಂತ್ರವಾದಾಗ ಮೊದಲ ಪ್ರಧಾನಿಯೂ ಅವರೇ.

ಒಬ್ಬ ಅಸಾಮಾನ್ಯ ವ್ಯಕ್ತಿಯ ಅದೃಷ್ಟವೆಂದು ಇದನ್ನು ಬದಿಗಿಡುವಂತಿಲ್ಲ. ಅಕ್ಕಪಕ್ಕದ ದ್ವೀಪಗಳಲ್ಲೂ ಇದೇ ನಡೆಯಿತು. ಜಮೈಕಾದ ಮೊದಲ ಪ್ರಧಾನಿ ಅಲೆಕ್ಸಾಂಡರ್ ಬುಸ್ತಮಾಂಟೆ ತಮ್ಮ ಹೆಸರನ್ನೇ ಇಟ್ಟ ಕಾರ್ಮಿಕ ಸಂಘ ಕಟ್ಟಿದವರು. ಸೇಂಟ್ ಕಿಟ್ಸ್‌ನ ರಾಬರ್ಟ್ ಬ್ರಾಡ್‌ಶಾ ಸಕ್ಕರೆ ಕಾರ್ಖಾನೆಯ ಯಂತ್ರಶಾಲೆಯಲ್ಲಿ ಕೆಲಸ ಕಲಿತ ಹುಡುಗ. ಗ್ರೆನೆಡಾದ ಎರಿಕ್ ಗೇರಿ ಅರೂಬಾದ ತೈಲ ಸಂಸ್ಕರಣಾಗಾರದಿಂದ 1949ರ ಕೊನೆಗೆ ಊರಿಗೆ ಮರಳಿದರು, 1950ರಲ್ಲಿ ಸಂಘ ಕಟ್ಟಿದರು, 1951ರಲ್ಲಿ ಚುನಾವಣೆ ಗೆದ್ದರು. ಬಾರ್ಬಡೋಸ್‌ನ ಗ್ರಾಂಟ್ಲಿ ಆಡಮ್ಸ್ ವಕೀಲರಾದರೂ ವರ್ಷಗಟ್ಟಲೆ ಕಾರ್ಮಿಕ ಸಂಘದ ಅಧ್ಯಕ್ಷರಾಗಿದ್ದರು. ಇತಿಹಾಸದ ವಿದ್ವಾಂಸರಾಗಿ ಅಧಿಕಾರಕ್ಕೆ ಬಂದ ಟ್ರಿನಿಡಾಡ್‌ನ ಎರಿಕ್ ವಿಲಿಯಮ್ಸ್ ಈ ಸಾಲಿನಿಂದ ಹೊರಗೆ ನಿಲ್ಲುತ್ತಾರೆ.

ಭಾರತದಲ್ಲಿ ಹಾಗಾಗಲಿಲ್ಲ. ಇಲ್ಲಿ ಮೊದಲು ಕಾಂಗ್ರೆಸ್ ಹುಟ್ಟಿತು, ಕಾರ್ಮಿಕ ಸಂಘಗಳು ಆಮೇಲೆ ಬಂದವು. ಕೆರಿಬಿಯನ್ನಿನ ಬ್ರಿಟಿಷ್ ವಸಾಹತುಗಳಲ್ಲಿ ಮೊದಲು ಬಂದದ್ದು ಸಂಘ. ಪಕ್ಷ ಅದರ ಹೊಟ್ಟೆಯಲ್ಲಿ ಹುಟ್ಟಿತು, ಸರ್ಕಾರ ಪಕ್ಷದ ಹೊಟ್ಟೆಯಲ್ಲಿ. ಏಕೆ ಹೀಗಾಯಿತು ಎಂಬುದನ್ನು ತಿಳಿಯಲು ಆಂಟಿಗುವಾದಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಕಂಡಿಲ್ಲ. ದ್ವೀಪ ಚಿಕ್ಕದು, ಸುಮಾರು 280 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. 1940ರ ದಶಕದಲ್ಲಿ ಜನಸಂಖ್ಯೆ ಸುಮಾರು 40 ಸಾವಿರ. ಬೆಳೆ ಒಂದೇ, ಕಬ್ಬು.

ಆ ಕಬ್ಬಿನಿಂದಲೇ ಶುರು ಮಾಡಬೇಕು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯ ಮೇಲೆ ಹದಿನೇಳನೆಯ ಶತಮಾನದಿಂದ ನಡೆದ ಕಬ್ಬಿನ ಎಸ್ಟೇಟುಗಳು ಅವು. 1834ರ ಆಗಸ್ಟ್ 1ರಂದು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಬೇರೆಡೆ ಬಿಡುಗಡೆಯಾದವರನ್ನು ಇನ್ನೂ ಕೆಲವು ವರ್ಷ 'ಶಿಕ್ಷಾರ್ಥಿ'ಗಳೆಂಬ ಹೆಸರಿನಲ್ಲಿ ಹಳೆಯ ಒಡೆಯನ ಬಳಿಯೇ ದುಡಿಸಿದರು. ಆಂಟಿಗುವಾದ ಎಸ್ಟೇಟ್ ಮಾಲೀಕರು ಆ ಅವಧಿಯನ್ನು ಕೈಬಿಟ್ಟು ಒಂದೇ ದಿನಕ್ಕೆ ಪೂರ್ಣ ಬಿಡುಗಡೆ ಕೊಟ್ಟರು. ಅವರಿಗೆ ಅಳುಕಲು ಕಾರಣವಿರಲಿಲ್ಲ. ಜಮೈಕಾದಲ್ಲಿ ಬಿಡುಗಡೆಯಾದವನು ಗುಡ್ಡ ಹತ್ತಿ ಖಾಲಿ ನೆಲ ಹುಡುಕಿ ಒಂದಿಷ್ಟು ಗೆಣಸು, ಬಾಳೆ ಹಾಕಿಕೊಂಡು ಬದುಕಬಹುದಿತ್ತು. ಆಂಟಿಗುವಾದಲ್ಲಿ ಖಾಲಿ ನೆಲವೇ ಇರಲಿಲ್ಲ. ಉಳಬಹುದಾದ ಜಾಗವೆಲ್ಲ ಎಸ್ಟೇಟಿನದು. ನದಿಯಿಲ್ಲದ ದ್ವೀಪವಾದ್ದರಿಂದ ಮಳೆ ಕೈಕೊಟ್ಟರೆ ಕುಡಿಯುವ ನೀರಿಗೂ ಕೆರೆಕಟ್ಟೆಗಳೇ ಗತಿ.

ಹಾಗಾಗಿ ಸ್ವತಂತ್ರನಾದವನು ಮರುದಿನವೂ ಅದೇ ಕಬ್ಬಿನ ಗದ್ದೆಗೆ ಹೋದ. ಇರುವ ಗುಡಿಸಲು ಎಸ್ಟೇಟಿನದಾದ್ದರಿಂದ ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ನ್ಯಾಯ ಕೇಳಲು ಹೋದರೆ ನ್ಯಾಯದ ಪೀಠದಲ್ಲಿ ಕುಳಿತವನು ಮಾಲೀಕನ ಬಳಗದವನು. ಶಾಸನಸಭೆಯಲ್ಲಿದ್ದವರೂ ಅದೇ ವರ್ಗದವರು. 1898ರಲ್ಲಿ ಆ ಸಭೆಯ ಚುನಾಯಿತ ಸ್ಥಾನಗಳೂ ರದ್ದಾಗಿ ದ್ವೀಪ ನೇರ ಬ್ರಿಟಿಷ್ ಆಡಳಿತದ ಕೆಳಗೆ ಬಂತು. ಮತ್ತೆ ಚುನಾವಣೆ ನಡೆದದ್ದು 1937ರಲ್ಲಿ, ಅದೂ ಆಸ್ತಿಪಾಸ್ತಿ ಇದ್ದವರಿಗೆ ಮಾತ್ರ. ಕೆಲಸ, ಮನೆ, ಕಾನೂನು, ಮತ, ಎಲ್ಲದರ ಬೀಗದ ಕೈ ಒಂದೇ ಗೊಂಚಲಿನಲ್ಲಿತ್ತು. ಇದನ್ನು ಗಮನದಲ್ಲಿಟ್ಟುಕೊಳ್ಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎದುರಾಳಿ ಬದುಕಿನ ಎಲ್ಲ ಕಡೆಯೂ ಇದ್ದಾಗ ಅವನನ್ನು ಎದುರಿಸುವ ಸಂಘವೂ ಕೂಲಿಯ ಮಾತಿಗಷ್ಟೇ ನಿಲ್ಲಲು ಆಗುವುದಿಲ್ಲ.

ಜನ ಸುಮ್ಮನಿರಲಿಲ್ಲ. 1918ರಲ್ಲಿ ಕೂಲಿಯ ಲೆಕ್ಕ ಹಾಕುವ ರೀತಿಯನ್ನೇ ಮಾಲೀಕರು ಬದಲಿಸಿದರು. ಅದುವರೆಗೆ ಕಡಿದ ಸಾಲಿನ ಲೆಕ್ಕದಲ್ಲಿ ಹಣ ಸಿಗುತ್ತಿತ್ತು, ಇನ್ನು ಮುಂದೆ ಟನ್ನಿನ ಲೆಕ್ಕ ಎಂದರು. ಸಾಲನ್ನು ಕಡಿಯುವವನು ತಾನೇ ಎಣಿಸಬಲ್ಲ, ತೂಕವನ್ನು ಮಾತ್ರ ಬೇರೆಯವರು ಹೇಳಬೇಕು. ಕಾರ್ಖಾನೆಯ ತೂಕದ ಯಂತ್ರದ ಮುಂದೆ ಕಬ್ಬಿನ ಗಾಡಿ ನಿಲ್ಲಿಸಿಕೊಂಡು ಕಾದಿರುವ ಮಂಡ್ಯದ ರೈತನಿಗೆ ಈ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಗಳಿಗೆ ಬೆಂಕಿ ಬಿತ್ತು, ಸೇಂಟ್ ಜಾನ್ಸ್‌ನಲ್ಲಿ ಗಲಭೆಯಾಯಿತು, ಗುಂಡು ಹಾರಿತು, ಜನ ಸತ್ತರು. ಆದರೆ ಆ ಸಿಟ್ಟನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆ ಇರಲಿಲ್ಲ. ಇದ್ದದ್ದು ಕಾಯಿಲೆಗೆ, ಶವಸಂಸ್ಕಾರಕ್ಕೆ ಹಣ ಕೂಡಿಸುವ ಸಹಾಯಕ ಸಂಘಗಳು ಮಾತ್ರ.

1930ರ ದಶಕದಲ್ಲಿ ಸಕ್ಕರೆಯ ಬೆಲೆ ಕುಸಿದಾಗ ಇಡೀ ಬ್ರಿಟಿಷ್ ಕೆರಿಬಿಯನ್ ಹೊತ್ತಿಕೊಂಡಿತು. 1935ರ ಜನವರಿಯಲ್ಲಿ ಸೇಂಟ್ ಕಿಟ್ಸ್, ಅದೇ ವರ್ಷ ಸೇಂಟ್ ವಿನ್ಸೆಂಟ್, 1937ರಲ್ಲಿ ಟ್ರಿನಿಡಾಡಿನ ತೈಲ ಪ್ರದೇಶ ಮತ್ತು ಬಾರ್ಬಡೋಸ್, 1938ರ ಮೇ ತಿಂಗಳಲ್ಲಿ ಜಮೈಕಾ. ಬಾರ್ಬಡೋಸ್ ಒಂದರಲ್ಲೇ 14 ಜನ ಸತ್ತರು. ಲಂಡನ್ನಿಗೆ ಗಾಬರಿಯಾಗಿ ಲಾರ್ಡ್ ಮೋಯ್ನ್ ನೇತೃತ್ವದ ಆಯೋಗವನ್ನು ಕಳಿಸಿತು. ಆಯೋಗ ಕಂಡ ಮನೆ, ಆರೋಗ್ಯ, ಕೂಲಿಗಳ ಸ್ಥಿತಿ ಎಷ್ಟು ಹೀನವಾಗಿತ್ತೆಂದರೆ, 1939ರಲ್ಲಿ ಮುಗಿದ ವರದಿಯನ್ನು ಯುದ್ಧಕಾಲದಲ್ಲಿ ಶತ್ರುಗಳು ಪ್ರಚಾರಕ್ಕೆ ಬಳಸಿಕೊಂಡಾರೆಂದು 1945ರವರೆಗೆ ಪೂರ್ತಿಯಾಗಿ ಹೊರಗೆ ಬಿಡಲಿಲ್ಲ. ಶಿಫಾರಸುಗಳಷ್ಟೇ 1940ರಲ್ಲಿ ಪ್ರಕಟವಾದವು.

ಆ ಆಯೋಗದ ಸದಸ್ಯರಲ್ಲಿ ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟದ ಕಾರ್ಯದರ್ಶಿ ವಾಲ್ಟರ್ ಸಿಟ್ರಿನ್ ಕೂಡ ಇದ್ದರು. ಆಂಟಿಗುವಾಕ್ಕೆ ಬಂದಾಗ ಅಲ್ಲಿನ ಜನರ ಸಭೆಯಲ್ಲಿ ಅವರು ಸಂಘ ಕಟ್ಟಿಕೊಳ್ಳಿ ಎಂದು ನೇರವಾಗಿ ಹೇಳಿದರು. 1939ರ ಜನವರಿ 16ರಂದು ಆಂಟಿಗುವಾ ಟ್ರೇಡ್ಸ್ ಅಂಡ್ ಲೇಬರ್ ಯೂನಿಯನ್ ಹುಟ್ಟಿತು. ಮೊದಲ ಅಧ್ಯಕ್ಷ ರೆಜಿನಾಲ್ಡ್ ಸ್ಟೀವನ್ಸ್ ಎಂಬ ಆಭರಣ ವ್ಯಾಪಾರಿ. ಕಾರ್ಯಕಾರಿ ಸಮಿತಿಯಲ್ಲಿದ್ದ ಎತ್ತರದ ನಿಲುವಿನ ತರುಣ ಬರ್ಡ್.

ಬ್ರಿಟಿಷರು ಇಂಥ ಸಂಘಗಳಿಗೆ ಅನುಮತಿ ಕೊಟ್ಟದ್ದು ಔದಾರ್ಯದಿಂದಲ್ಲ. ಸಿಟ್ಟು ಬೀದಿಗೆ ಬರುವುದಕ್ಕಿಂತ ಮೇಜಿನ ಮುಂದೆ ಬರುವುದು ವಾಸಿ ಎಂಬುದು ಅವರ ಲೆಕ್ಕ. ಸಂಘ ಕೂಲಿಯ ಮಾತಾಡಲಿ, ರಾಜಕೀಯ ಬೇಡ ಎಂಬುದು ಬಯಕೆ. ಆದರೆ ಕೂಲಿ ಮತ್ತು ರಾಜಕೀಯ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟದ್ದು ಎಸ್ಟೇಟು. ಅದನ್ನು ಬಿಡಿಸಿ ಬೇರೆ ಮಾಡುವುದು ಸಂಘದ ಕೈಯಲ್ಲಿರಲಿಲ್ಲ.

ಬರ್ಡ್ ಅವರ ಹಿನ್ನೆಲೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಸಾಲ್ವೇಶನ್ ಆರ್ಮಿ. ತಾರುಣ್ಯದಲ್ಲಿ ಅವರು ಆ ಕ್ರೈಸ್ತ ಸೇವಾ ಸಂಸ್ಥೆ ಸೇರಿ, ಟ್ರಿನಿಡಾಡ್‌ನಲ್ಲಿ ತರಬೇತಿ ಪಡೆದು, ಗ್ರೆನೆಡಾದಲ್ಲೂ ಕೆಲಸ ಮಾಡಿದ್ದರು. ಬೀದಿಯ ಮೂಲೆಯಲ್ಲಿ ನಿಂತು ಜನ ಸೇರಿಸುವುದು, ಓದುಬರಹ ಬಾರದವರಿಗೆ ಮನಮುಟ್ಟುವಂತೆ ಮಾತಾಡುವುದು, ಬಿಡಿಕಾಸು ಕೂಡಿಸಿ ಲೆಕ್ಕ ಇಡುವುದು ಅಲ್ಲಿನ ದಿನನಿತ್ಯದ ಕೆಲಸ. ಸಂಘಕ್ಕೆ ಬೇಕಾದದ್ದೂ ಇದೇ. ಎಸ್ಟೇಟು ಎಸ್ಟೇಟಿಗೆ, ಹಳ್ಳಿ ಹಳ್ಳಿಗೆ ಶಾಖೆಗಳಾದವು, ಚಂದಾ ಬಂತು, 'ವರ್ಕರ್ಸ್ ವಾಯ್ಸ್' ಎಂಬ ಪತ್ರಿಕೆ ಹೊರಟಿತು. ಜಗಳ ತಂಟೆ, ಮೇಸ್ತ್ರಿಯ ಕಾಟ, ಬಾಕಿ ಕೂಲಿ, ಎಲ್ಲವೂ ಸಂಘದ ಕಚೇರಿಗೆ ಬರತೊಡಗಿದವು. ಜನರ ಅಹವಾಲು ಕೇಳಿ, ಅವರ ಪರವಾಗಿ ಮಾತಾಡಿ, ಉತ್ತರ ತಂದುಕೊಡುವ ಒಂದು ಕಚೇರಿ ಆ ದ್ವೀಪದಲ್ಲಿ ಮೊದಲ ಬಾರಿಗೆ ತೆರೆದದ್ದು ಅದೇ. ಮತದಾನದ ಹಕ್ಕು ಸಿಗುವ ಮೊದಲೇ ಕೂಲಿಗಳು ತಮ್ಮ ಸರ್ಕಾರ ಯಾವುದೆಂದು ಆರಿಸಿಕೊಂಡಿದ್ದರು ಎಂದೇ ನಾನು ತಿಳಿಯುತ್ತೇನೆ.

ಎರಡನೆಯ ಮಹಾಯುದ್ಧ ಇನ್ನೊಂದು ಪೆಟ್ಟು ಕೊಟ್ಟಿತು. ಅಮೆರಿಕ ಆಂಟಿಗುವಾದಲ್ಲಿ ಸೇನಾ ನೆಲೆಗಳನ್ನು ಕಟ್ಟಲು ಬಂದಾಗ ಸಾವಿರಾರು ಜನ ಕಬ್ಬು ಬಿಟ್ಟು ಅಲ್ಲಿ ಕೆಲಸಕ್ಕೆ ಸೇರಿದರು. ಎಸ್ಟೇಟಿನ ಆಚೆಗೂ ಕೂಲಿ ಸಿಗುತ್ತದೆ, ಅಲ್ಲಿ ಹೆಚ್ಚು ಸಿಗುತ್ತದೆ ಎಂಬುದನ್ನು ಕಣ್ಣಾರೆ ಕಂಡರು. ನೆಲೆಯ ಕಾಮಗಾರಿ ಮುಗಿದು ಗದ್ದೆಗೆ ಮರಳಿದವರು ಮೊದಲಿನವರಾಗಿ ಉಳಿದಿರಲಿಲ್ಲ.

ಶಾಸನಸಭೆಯ ಬಾಗಿಲು ಆಗಲೂ ಅರ್ಧವೇ ತೆರೆದಿತ್ತು. ಬರ್ಡ್ 1945ರಲ್ಲಿ ಒಳಗೆ ಹೋದರು. 1946ರಲ್ಲಿ ಸಂಘ ರಾಜಕೀಯ ಸಮಿತಿಯೊಂದನ್ನು ಮಾಡಿಕೊಂಡು ಚುನಾಯಿತ ಸ್ಥಾನಗಳೆಲ್ಲಕ್ಕೂ ತನ್ನವರನ್ನು ನಿಲ್ಲಿಸಿ ಐದಕ್ಕೆ ಐದನ್ನೂ ಗೆದ್ದಿತು. ಆಂಟಿಗುವಾ ಲೇಬರ್ ಪಾರ್ಟಿ ಎಂಬ ಹೆಸರಿನ ಹಿಂದೆ ಇದ್ದದ್ದು ಈ ಸಮಿತಿಯೇ. ಅಭ್ಯರ್ಥಿಯನ್ನು ಆರಿಸುವುದು ಸಂಘ, ಪ್ರಚಾರಕ್ಕೆ ಓಡಾಡುವುದು ಸಂಘದ ಶಾಖೆ, ಗೆದ್ದವನು ಮರುದಿನ ಕೂತು ಕೆಲಸ ಮಾಡುವುದು ಸಂಘದ ಕಚೇರಿಯಲ್ಲಿ. ಮುಂದೆ ರಾಷ್ಟ್ರಗೀತೆಯ ಸಾಲುಗಳನ್ನು ಬರೆದ ನೊವೆಲ್ ರಿಚರ್ಡ್ಸ್ ಕೂಡ ಈ ಸಂಘದಲ್ಲೇ ಬೆಳೆದವರು.

ಅತ್ತ ಮಾಲೀಕರೂ ಒಂದಾಗಿದ್ದರು. ಎಸ್ಟೇಟುಗಳು ಸೇರಿ ಸಿಂಡಿಕೇಟ್ ಆಗಿ, ದ್ವೀಪದ ಕಬ್ಬೆಲ್ಲ ಗನ್‌ಥೋರ್ಪ್ಸ್‌ನ ದೊಡ್ಡ ಕಾರ್ಖಾನೆಗೆ ಹೋಗುತ್ತಿತ್ತು. ಸಿಂಡಿಕೇಟಿನ ಮುಖ್ಯಸ್ಥ ಅಲೆಕ್ಸಾಂಡರ್ ಮೂಡಿ-ಸ್ಟುವರ್ಟ್. ಒಬ್ಬನ ಎದುರು ಒಬ್ಬ ಎಂಬಂತಾಯಿತು. ಬೇರೆ ಬೇರೆ ಮಾಲೀಕರಿದ್ದರೆ ಸಂಘ ಹತ್ತು ಕಡೆ ಹತ್ತು ಜಗಳ ಆಡಬೇಕಿತ್ತು, ಈಗ ಒಂದೇ ಜಗಳ ಇಡೀ ದ್ವೀಪದ ಜಗಳವಾಗುತ್ತಿತ್ತು. ಕಬ್ಬಿನ ಗುಣವೂ ಕೂಲಿಗಳ ಕಡೆಗಿತ್ತು. ಕಡಿದ ಕಬ್ಬನ್ನು ಬೇಗ ನುರಿಸದಿದ್ದರೆ ಸಕ್ಕರೆ ಇಳಿಯುತ್ತದೆ, ಕಡಿಯುವ ಕಾಲ ತಪ್ಪಿದರೆ ಹಂಗಾಮೇ ಹೋಗುತ್ತದೆ. ಜಗಳ ಎಷ್ಟು ಬಿಗಡಾಯಿಸಿತೆಂದರೆ, ಆಂಟಿಗುವಾದ ಸಕ್ಕರೆ ಉದ್ಯಮದ ವಿಚಾರಣೆಗೆ 1948ರಲ್ಲಿ ಒಂದು ಆಯೋಗವೇ ಬಂತು. ಅದರ ಮುಖ್ಯಸ್ಥ ಲಾರ್ಡ್ ಸೋಲ್‌ಬರಿ, ಶ್ರೀಲಂಕಾದ ಸಂವಿಧಾನ ರೂಪಿಸಿದ ಆಯೋಗಕ್ಕೂ ಮುಖ್ಯಸ್ಥರಾಗಿದ್ದವರು.

ಇಲ್ಲಿಗೆ ಹುಣಸೆಮರ ಬರುತ್ತದೆ. ನಮ್ಮ ಹೊಲದ ಬದುವಿನಲ್ಲಿರುವ ಅದೇ ಹುಣಸೆ, ಕೆರಿಬಿಯನ್ನಿನಲ್ಲೂ ಹಳೆಯ ಮರ. ಬೆಥೆಸ್ಡಾ ಎಂಬ ಹಳ್ಳಿಯ ಹುಣಸೆಮರದ ಕೆಳಗೆ 1951ರಲ್ಲಿ ಬರ್ಡ್ ಮತ್ತು ಸಂಘದವರು ಮೂಡಿ-ಸ್ಟುವರ್ಟ್ ಜೊತೆ ಕೂಲಿ ಹೆಚ್ಚಿಸುವ ಮಾತಿಗೆ ನಿಂತರು. ಹಿಂದಿನ ವರ್ಷವಷ್ಟೇ ಕೆಲವೇ ದಿನಗಳ ಅಂತರದಲ್ಲಿ ಎರಡು ಚಂಡಮಾರುತಗಳು ದ್ವೀಪಕ್ಕೆ ಬಡಿದು, ಬಡವರ ಮನೆಗಳನ್ನು ಕೆಡವಿ ಹಾಕಿದ್ದವು. ಕೈಯಲ್ಲಿ ಕಾಸಿಲ್ಲ, ತಲೆ ಮೇಲೆ ಸೂರಿಲ್ಲ ಎನ್ನುವ ಸ್ಥಿತಿಯಲ್ಲಿ ಕೂಲಿಗಳು ಕೇಳಲು ಬಂದಿದ್ದರು. ಮೂಡಿ-ಸ್ಟುವರ್ಟ್ ಒಪ್ಪಲಿಲ್ಲ. ಹಸಿವಿನಿಂದಲೇ ನಿಮ್ಮನ್ನು ಬಗ್ಗಿಸುತ್ತೇನೆ ಎಂಬ ಧಾಟಿಯಲ್ಲಿ ಬೆದರಿಸಿದರು. ಅದಕ್ಕೆ ಬರ್ಡ್ ಕೊಟ್ಟ ಉತ್ತರ ಆಂಟಿಗುವಾದ ಮಕ್ಕಳಿಗೂ ಗೊತ್ತು: ನಾವು ಕಡಲ ದಂಡೆಯ ಚಿಪ್ಪು ತಿನ್ನುತ್ತೇವೆ, ವಿಡ್ಡಿ ವಿಡ್ಡಿ ಸೊಪ್ಪು ತಿನ್ನುತ್ತೇವೆ, ಕೆರೆಯ ನೀರು ಕುಡಿಯುತ್ತೇವೆ.

ಈ ಮೂರು ವಸ್ತುಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಿಪ್ಪು ಎಂದರೆ ನಮ್ಮ ಕರಾವಳಿಯವರು ಮರುವಾಯಿ ಎನ್ನುವ ಬಗೆಯದು, ಇಳಿತದ ಹೊತ್ತಿನಲ್ಲಿ ಕೆಸರಿನಲ್ಲಿ ಕೈಯಾಡಿಸಿದರೆ ಸಿಗುತ್ತದೆ. ವಿಡ್ಡಿ ವಿಡ್ಡಿ ತಾನಾಗಿ ಬೆಳೆಯುವ ಪೊದೆ, ಬರಗಾಲದಲ್ಲಿ ಬಡವರು ಬೇಯಿಸಿಕೊಳ್ಳುವ ಸೊಪ್ಪು. ಕೆರೆಯ ನೀರು ದನಕರುಗಳೂ ಇಳಿಯುವ ನೀರು. ಇವು ಮೂರಕ್ಕೂ ಎಸ್ಟೇಟಿನ ಅಪ್ಪಣೆ ಬೇಡ, ಎಸ್ಟೇಟಿನ ಕೂಲಿಯೂ ಬೇಡ. ಎಲ್ಲವೂ ಒಡೆಯನದೇ ಆಗಿದ್ದ ದ್ವೀಪದಲ್ಲಿ ಒಡೆಯನದಲ್ಲದ್ದು ಏನೇನಿದೆ ಎಂದು ಬರ್ಡ್ ಎಣಿಸಿ ಹೇಳಿದ್ದರು. ಹಸಿವಿನ ಬೆದರಿಕೆ ನಡೆಯುವುದು ಬೇರೆ ಅನ್ನ ಇಲ್ಲದಾಗ ಮಾತ್ರ, ಆ ಬೇರು ಕಿತ್ತುಹೋಯಿತು. ತಿಂಗಳುಗಟ್ಟಲೆ ಜನ ಕಬ್ಬಿಗೆ ಕತ್ತಿ ಹಾಕಲಿಲ್ಲ. ನಿಜವಾಗಿಯೂ ಆ ಸೊಪ್ಪನ್ನು ತಿಂದು ಬದುಕಿದರು. ಕೊನೆಗೆ ಸಿಂಡಿಕೇಟ್ ಕೂಲಿ ಹೆಚ್ಚಿಸಲು ಒಪ್ಪಬೇಕಾಯಿತು.

ಅದೇ 1951ರಲ್ಲಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂತು. ಡಿಸೆಂಬರ್‌ನಲ್ಲಿ ಚುನಾವಣೆ ನಡೆದು ಎಂಟು ಚುನಾಯಿತ ಸ್ಥಾನಗಳಲ್ಲಿ ಎಂಟನ್ನೂ ಸಂಘದ ಪಕ್ಷ ಗೆದ್ದಿತು. 1956ರಲ್ಲೂ ಎಂಟಕ್ಕೆ ಎಂಟು. 1961 ಮತ್ತು 1965ರಲ್ಲಿ ಹತ್ತಕ್ಕೆ ಹತ್ತು. ಸಂಘದ ಸದಸ್ಯರ ಪಟ್ಟಿ ಮತ್ತು ಮತದಾರರ ಪಟ್ಟಿ ಬಹುಮಟ್ಟಿಗೆ ಒಂದೇ ಆಗಿದ್ದಾಗ ಬೇರೆ ಫಲಿತಾಂಶ ಬರುವುದು ಹೇಗೆ?

ಮತ ಗೆದ್ದ ಮಾತ್ರಕ್ಕೆ ಅಧಿಕಾರ ಕೈಗೆ ಬಂದುಬಿಡುತ್ತಿರಲಿಲ್ಲ. ವಸಾಹತಿನ ಶಾಸನಸಭೆಯಲ್ಲಿ ಚುನಾಯಿತರ ಪಕ್ಕದಲ್ಲಿ ಸರ್ಕಾರ ನೇಮಿಸಿದವರೂ ಅಧಿಕಾರಿಗಳೂ ಕೂರುತ್ತಿದ್ದರು. ಕೊನೆಯ ಮಾತು ಗವರ್ನರದು. ಟ್ರಿನಿಡಾಡಿನ ಯೂರಾಯ ಬಟ್ಲರ್ ತೈಲ ಕಾರ್ಮಿಕರ ದೊಡ್ಡ ನಾಯಕ, ಯುದ್ಧಕಾಲವನ್ನು ಬಂಧನದಲ್ಲಿ ಕಳೆದವರು. 1950ರ ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಸ್ಥಾನ ಗೆದ್ದದ್ದು ಅವರ ಪಕ್ಷ, 18ರಲ್ಲಿ 6. ಆದರೂ ಅವರನ್ನು ಆಡಳಿತದ ಹತ್ತಿರ ಸುಳಿಯಗೊಡಲಿಲ್ಲ. ಬ್ರಿಟಿಷ್ ಗಯಾನಾದಲ್ಲಿ ಚೆಡ್ಡಿ ಜಗನ್, ಭಾರತದಿಂದ ಕರಾರಿನ ಕೂಲಿಗಳಾಗಿ ಹೋದವರ ಮನೆತನದವರು, ಕಬ್ಬಿನ ಎಸ್ಟೇಟಿನಲ್ಲಿ ಬೆಳೆದವರು. 1953ರಲ್ಲಿ ಅವರ ಪಕ್ಷ 24ರಲ್ಲಿ 18 ಸ್ಥಾನ ಗೆದ್ದಿತು. 133 ದಿನಗಳಲ್ಲಿ ಬ್ರಿಟನ್ ಸೇನೆ ಕಳಿಸಿ ಸಂವಿಧಾನವನ್ನೇ ಅಮಾನತು ಮಾಡಿತು.

ಬರ್ಡ್‌ಗೆ ಹಾಗಾಗದಿರಲು ಕಾರಣವೇನು? ಒಂದು, ಆಂಟಿಗುವಾದಲ್ಲಿ ಬೇರೆ ಯಾರೂ ಇರಲಿಲ್ಲ. ಎಂಟೂ ಸ್ಥಾನ ಒಬ್ಬರ ಕಡೆ ಇದ್ದರೆ ಗವರ್ನರ್ ಅವರನ್ನು ಬಿಟ್ಟು ಯಾರನ್ನು ಕರೆಯಬೇಕು? ಇನ್ನೊಂದು, ಬರ್ಡ್ ಎಸ್ಟೇಟಿನ ಎದುರು ಗಟ್ಟಿಯಾಗಿ ನಿಂತರೂ ಲಂಡನ್ನಿನ ಜೊತೆ ಕಡಿದುಕೊಳ್ಳಲಿಲ್ಲ. ಶೀತಲ ಸಮರದ ಆ ದಿನಗಳಲ್ಲಿ ಜಗನ್ ಮಾರ್ಕ್ಸ್‌ವಾದಿ ಎಂಬ ಭಯ ಬ್ರಿಟಿಷರಿಗಿತ್ತು. ಬರ್ಡ್ ಬಗ್ಗೆ ಅಂಥ ಭಯ ಹುಟ್ಟಲಿಲ್ಲ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಧಿಕಾರ ಇಳಿದು ಬಂತು. 1956ರಲ್ಲಿ ಸಚಿವರ ಪದ್ಧತಿ, ಬರ್ಡ್ ವ್ಯಾಪಾರ ಮತ್ತು ಉತ್ಪಾದನೆಯ ಸಚಿವ. 1960ರಲ್ಲಿ ಮುಖ್ಯಮಂತ್ರಿ. 1967ರ ಫೆಬ್ರುವರಿಯಲ್ಲಿ ರಕ್ಷಣೆ ಮತ್ತು ವಿದೇಶಾಂಗ ಬಿಟ್ಟು ಉಳಿದದ್ದೆಲ್ಲ ದ್ವೀಪದ ಕೈಗೆ ಬಂದು, ಬರ್ಡ್ ಪ್ರೀಮಿಯರ್ ಆದರು.

ಈ ಏರಿಕೆಯ ಒಳಗೇ ಇದ್ದ ತೊಡಕು ಅದೇ ವರ್ಷ ಹೊರಬಿತ್ತು. ಸಕ್ಕರೆ ಉದ್ಯಮ ನಷ್ಟದಲ್ಲಿ ಮುಳುಗುತ್ತಿತ್ತು. ಅದನ್ನು ಉಳಿಸಲು ಸರ್ಕಾರವೇ ಕಾರ್ಖಾನೆಯನ್ನೂ ಸಿಂಡಿಕೇಟಿನ ಜಮೀನನ್ನೂ ಕೊಂಡಿತು. ಮೂಡಿ-ಸ್ಟುವರ್ಟ್ ಕೂತಿದ್ದ ಕುರ್ಚಿಯಲ್ಲಿ ಈಗ ಸರ್ಕಾರ ಕೂತಿತ್ತು, ಸರ್ಕಾರವೆಂದರೆ ಬರ್ಡ್. ಕೂಲಿ ಕೇಳುವ ಸಂಘವೂ ಅವರದೇ. ಹುಣಸೆಮರದ ಕೆಳಗೆ ಎದುರುಬದುರಾಗಿ ನಿಂತ ಎರಡು ಪಕ್ಷಗಳು ಒಂದೇ ಕಡೆ ಬಂದು ನಿಂತಾಗ ಕೂಲಿಯವನು ಯಾರ ಹತ್ತಿರ ಹೋಗಬೇಕು?

ಈ ಪ್ರಶ್ನೆಯನ್ನು ಸಂಘದ ಒಳಗಿನಿಂದಲೇ ಎತ್ತಿದವರು ಪ್ರಧಾನ ಕಾರ್ಯದರ್ಶಿ ಜಾರ್ಜ್ ವಾಲ್ಟರ್. ಸರ್ಕಾರದಲ್ಲಿರುವವರು ಸಂಘದ ನಾಯಕತ್ವ ಬಿಡಬೇಕು ಎಂಬುದು ಅವರ ಮತ್ತು ಸಂಗಡಿಗರ ವಾದ. 1967ರಲ್ಲಿ ಅವರನ್ನು ಸಂಘದಿಂದ ತೆಗೆದುಹಾಕಲಾಯಿತು. ಕೆಲವೇ ದಿನಗಳಲ್ಲಿ ಕೀತ್ಲಿನ್ ಸ್ಮಿತ್ ಮೊದಲಾದವರ ಜೊತೆ ಸೇರಿ ಅವರು ಆಂಟಿಗುವಾ ವರ್ಕರ್ಸ್ ಯೂನಿಯನ್ ಎಂಬ ಹೊಸ ಸಂಘ ಕಟ್ಟಿದರು. ಹೊಸ ಸಂಘವನ್ನು ಮಾನ್ಯ ಮಾಡಲು ಸರ್ಕಾರ ಒಪ್ಪದಿದ್ದಾಗ 1968ರ ಮಾರ್ಚ್‌ನಲ್ಲಿ ಮುಷ್ಕರ ನಡೆಯಿತು. ಸೇಂಟ್ ಜಾನ್ಸ್‌ನ ಬೀದಿಗಳಲ್ಲಿ ಅಶ್ರುವಾಯು ಸಿಡಿಯಿತು, ತುರ್ತುಪರಿಸ್ಥಿತಿ ಜಾರಿಯಾಯಿತು. ಮುಷ್ಕರದಿಂದಲೇ ಮೇಲೆ ಬಂದವರು ಮುಷ್ಕರವನ್ನು ಹತ್ತಿಕ್ಕಲು ಹೊರಟದ್ದನ್ನು ಓದುವಾಗ ನನಗೆ ನೋವಾಗುತ್ತದೆ. ಬರ್ಡ್ ಅವರ ಮೇಲೆ ಗೌರವ ಇರುವುದರಿಂದಲೇ ಈ ನೋವು.

ಕೊನೆಗೆ ಸರ್ಕಾರ ಮಣಿದು ಹೊಸ ಸಂಘಕ್ಕೆ ಮಾನ್ಯತೆ ಕೊಟ್ಟಿತು, ಶಾಸನಸಭೆಗೆ ನಾಲ್ಕು ಹೊಸ ಸ್ಥಾನಗಳನ್ನೂ ಸೇರಿಸಿತು. ನಾಲ್ಕನ್ನೂ ವಾಲ್ಟರ್ ಅವರ ಹೊಸ ಪಕ್ಷ, ಪ್ರೋಗ್ರೆಸಿವ್ ಲೇಬರ್ ಮೂವ್‌ಮೆಂಟ್, ಗೆದ್ದುಕೊಂಡಿತು. ಅವರು ಹಿಡಿದದ್ದು ಬರ್ಡ್ ಹಿಡಿದಿದ್ದ ದಾರಿಯನ್ನೇ ಎಂಬುದನ್ನು ಗಮನಿಸಬೇಕು. ಮೊದಲು ಸಂಘ, ಆಮೇಲೆ ಪಕ್ಷ, ನಡುವೆ ಮುಷ್ಕರ. ಸಂಘವನ್ನೂ ಸರ್ಕಾರವನ್ನೂ ಬೇರೆ ಇಡಬೇಕೆಂದು ಹೊರಟವರಿಗೂ ಅಧಿಕಾರಕ್ಕೆ ಬೇರೆ ಹಾದಿ ಕಾಣಲಿಲ್ಲ. 1971ರಲ್ಲಿ ಆ ಪಕ್ಷ 17ರಲ್ಲಿ 13 ಸ್ಥಾನ ಗೆದ್ದಿತು. ಕಾಲು ಶತಮಾನ ಸೋಲನ್ನೇ ಕಾಣದ ಬರ್ಡ್ ತಮ್ಮ ಸ್ವಂತ ಸ್ಥಾನವನ್ನೂ ಕಳೆದುಕೊಂಡರು. ಗನ್‌ಥೋರ್ಪ್ಸ್‌ನ ಕಾರ್ಖಾನೆಯೂ ಅದೇ ಸುಮಾರಿಗೆ ನಿಂತಿತು, ದ್ವೀಪ ಪ್ರವಾಸೋದ್ಯಮದ ಕಡೆ ಹೊರಳಿತು.

ಬರ್ಡ್ 1976ರಲ್ಲಿ ಮತ್ತೆ ಗೆದ್ದು, 1981ರ ನವೆಂಬರ್ 1ರ ಸ್ವಾತಂತ್ರ್ಯವನ್ನು ಬರಮಾಡಿಕೊಂಡು, 1994ರವರೆಗೆ ಪ್ರಧಾನಿಯಾಗಿದ್ದರು. ಆ ಕೊನೆಯ ವರ್ಷಗಳಲ್ಲಿ ಅವರ ಸರ್ಕಾರ ಭ್ರಷ್ಟಾಚಾರದ ಹಗರಣಗಳಿಂದ ಕೆಟ್ಟ ಹೆಸರು ಪಡೆಯಿತು, ಅಧಿಕಾರ ಮಗ ಲೆಸ್ಟರ್ ಬರ್ಡ್ ಕೈಗೆ ಹೋಯಿತು. 1999ರಲ್ಲಿ ಬರ್ಡ್ ತೀರಿಕೊಂಡರು. ಅವರು ಹುಟ್ಟಿದ ಡಿಸೆಂಬರ್ 9ನ್ನು ದೇಶ ಈಗ ರಜಾದಿನವಾಗಿ ಆಚರಿಸುತ್ತದೆ. ಕಬ್ಬಿನ ಗದ್ದೆಗಳು ಹೋಗಿ ಹೋಟೆಲುಗಳು ಬಂದಿವೆ. ಹೋಟೆಲಿನ ಕೆಲಸಗಾರರ ಕೂಲಿಯ ಮಾತುಕತೆಗೆ 1939ರ ಸಂಘವೂ 1967ರ ಸಂಘವೂ ಇಂದಿಗೂ ಇವೆ.